ಯಾರ ಕಡೆಯಿಂದ ಬಂತು?

ಕೈಕಾಲು ಗಿಡ್ಡವಾದ ಮಗು ಹುಟ್ಟಿದ ಮನೆಗೆ ನೋಡಲು ಹೋದವರು ತೊಟ್ಟಿಲು ತೂಗುವ ಮೊದಲೇ ಕೇಳುವ ಪ್ರಶ್ನೆ ಒಂದೇ: ‘ಇದು ಯಾರ ಕಡಿಂದ ಬಂತ್ರೀ?’ ನಮ್ಮ ದುಧನಿ, ಅಕ್ಕಲಕೋಟೆಯ ಕಡೆ ಇದನ್ನು ಕನ್ನಡದಲ್ಲಿಯೂ ಕೇಳುತ್ತಾರೆ, ಮರಾಠಿಯಲ್ಲಿಯೂ ಕೇಳುತ್ತಾರೆ. ನಾವು ‘ಗಿಡ್ಡ’ ಅನ್ನುವುದನ್ನು ಕಾಸರಗೋಡಿನ ನೀವು ‘ಕುಳ್ಳ’ ಅನ್ನುತ್ತೀರಿ, ನಿಮ್ಮ ನೆರೆಯ ಮಲಯಾಳಿಗಳು ‘ಕುಳ್ಳನ್’ ಅನ್ನುತ್ತಾರೆ. ಭಾಷೆ ಯಾವುದಾದರೂ ಪ್ರಶ್ನೆಯ ಬೆರಳು ಮಾತ್ರ ಬಹುಮಟ್ಟಿಗೆ ತಾಯಿಯ ಕಡೆಗೇ ತಿರುಗಿರುತ್ತದೆ. ಬಸುರಿಯಿದ್ದಾಗ ಗ್ರಹಣದ ದಿನ ಹೊರಗೆ ಬಂದಳು, ಈಳಿಗೆ ಮುಟ್ಟಿದಳು, ತವರಿನಲ್ಲಿ ಇಂಥವರು ಯಾರೋ ಇದ್ದಿರಬೇಕು, ಬೀಗರು ಮುಚ್ಚಿಟ್ಟು ಹೆಣ್ಣು ಕೊಟ್ಟರು. ನಾಲ್ಕಕ್ಷರ ಓದಿದವರು ಗ್ರಹಣದ ಮಾತು ಬಿಟ್ಟು, ‘ಸೋದರಮಾವನಿಗೆ ಕೊಟ್ಟರೆ ಇನ್ನೇನಾಗುತ್ತದೆ?’ ಅನ್ನುತ್ತಾರೆ. ಇದು ವಿಜ್ಞಾನದ ಮಾತೆಂದು ಅವರ ನಂಬಿಕೆ.

ವಿಜ್ಞಾನ ಹೇಳುವುದು ಬೇರೆಯೇ. ಕೈಕಾಲುಗಳ ಎಲುಬು ಮೊದಲು ಮೃದ್ವಸ್ಥಿಯಾಗಿರುತ್ತದೆ. ತುದಿಗಳಲ್ಲಿ ಆ ಮೃದ್ವಸ್ಥಿಯ ಕೋಶಗಳು ಹೆಚ್ಚುತ್ತ, ಹಿಂದಿನವು ಎಲುಬಾಗುತ್ತ, ಮಗು ಎತ್ತರವಾಗುತ್ತದೆ. ಈ ಬೆಳವಣಿಗೆ ಮಿತಿಯಲ್ಲಿರಲೆಂದು ದೇಹ ಒಂದು ಬ್ರೇಕನ್ನೂ ಇಟ್ಟುಕೊಂಡಿದೆ. ಕೋಶದ ಪೊರೆಯ ಮೇಲೆ ಕುಳಿತು ಹೊರಗಿನ ಸಂಕೇತವನ್ನು ಹಿಡಿದು, ‘ಇಷ್ಟು ಸಾಕು’ ಎಂದು ಒಳಗೆ ತಿಳಿಸುವ ಒಂದು ಪ್ರೋಟೀನು ಅದು. ಅದರ ವಂಶವಾಹಿಗೆ ಎಫ್‌ಜಿಎಫ್‌ಆರ್-3 ಎಂದು ಹೆಸರು, ನಾಲ್ಕನೆಯ ವರ್ಣತಂತುವಿನಲ್ಲಿದೆ. ಈ ವಂಶವಾಹಿಯ ಉದ್ದನೆಯ ಬರಹದಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಬ್ರೇಕು ಹಿಡಿದುಕೊಂಡೇ ಉಳಿಯುತ್ತದೆ. ಕೈಕಾಲು ಗಿಡ್ಡವಾಗುತ್ತವೆ, ತಲೆ ದೊಡ್ಡದಾಗಿ ಕಾಣುತ್ತದೆ. ಬುದ್ಧಿಗೆ ಏನೂ ಕೊರತೆಯಿಲ್ಲ. ಅಕಾಂಡ್ರೊಪ್ಲಾಸಿಯಾ ಎಂದು ವೈದ್ಯರು ಕರೆಯುವ ಈ ಸ್ಥಿತಿಯ ಮೂಲ ಇದೇ ಎಂದು ಗೊತ್ತಾದದ್ದು 1994ರಲ್ಲಿ. ಸುಮಾರು 25,000 ಜನನಕ್ಕೆ ಒಂದು ಮಗು ಹೀಗೆ ಹುಟ್ಟುತ್ತದೆಂದು ಲೆಕ್ಕ.

ನಮ್ಮ ಪ್ರಶ್ನೆಗೆ ಸಂಬಂಧಪಟ್ಟ ಮಾತು ಇನ್ನು ಮುಂದಿನದು. ಇಂಥ ಹತ್ತು ಮಕ್ಕಳಲ್ಲಿ ಸುಮಾರು ಎಂಟು ಮಕ್ಕಳ ತಂದೆತಾಯಿ ಇಬ್ಬರೂ ಎಲ್ಲರಂತೆ ಎತ್ತರದವರು. ಅವರ ಹಿಂದಿನ ಏಳು ತಲೆಮಾರು ಜಾಲಾಡಿದರೂ ಒಬ್ಬ ಗಿಡ್ಡನೂ ಸಿಗಲಾರ. ಅಕ್ಷರ ಬದಲಾಗುವುದು ಆ ಮಗುವಿನ ಸಲುವಾಗಿಯೇ, ಹೊಸದಾಗಿ. ಅದೂ ಹೆಚ್ಚುಕಡಿಮೆ ಯಾವಾಗಲೂ ತಂದೆಯ ವೀರ್ಯಾಣುವಿನಲ್ಲಿ. ತಂದೆಯ ವಯಸ್ಸು ಏರಿದಂತೆ ಸಂಭವವೂ ತುಸು ಏರುತ್ತದೆ. ಸೋದರ ಸಂಬಂಧದ ಮದುವೆಗೂ ಇದಕ್ಕೂ ನಂಟಿಲ್ಲ. (ಆ ಮದುವೆಗಳಿಂದ ಹೆಚ್ಚುವ ರೋಗಗಳು ಬೇರೆ ಇವೆ, ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ತಲೆದೋರುವಂಥವು; ಅದಕ್ಕೆಂದು ಆ ಮದುವೆಯ ಪರವಾಗಿ ನಾನು ವಕೀಲಿ ಮಾಡುತ್ತಿಲ್ಲ.) ಹೆಸರೇನೋ ವಂಶವಾಹಿ, ಆದರೆ ಈ ದೋಷವನ್ನು ಬಹಳಷ್ಟು ಸಲ ವಂಶ ಹೊತ್ತು ತಂದಿರುವುದೇ ಇಲ್ಲ. ನಾಲ್ಕು ಮಂದಿಯ ಮುಂದೆ ತಲೆ ತಗ್ಗಿಸಿ ಕೂತ ಆ ಬಾಣಂತಿಗೆ ಈ ಒಂದು ಸಂಗತಿಯನ್ನು ಯಾರಾದರೂ ಹೇಳಬೇಕು. ಹಾಗಂತ ಬೆರಳನ್ನು ಈಗ ತಂದೆಯ ಕಡೆ ತಿರುಗಿಸಬೇಕೆಂದಲ್ಲ. ಕೋಟ್ಯಂತರ ಸಲ ನಕಲಾಗುವ ಬರಹದಲ್ಲಿ ಒಂದಕ್ಷರ ತಪ್ಪಿದರೆ ಅದು ಯಾರ ಪಾಪವೂ ಅಲ್ಲ.

ಆದರೆ ನಿಜವಾಗಿಯೂ ವಂಶದಿಂದಲೇ ಬಂದದ್ದಾದರೆ? ಆಗ ಬೆರಳು ತೋರಿಸುವುದು ಸರಿಯಾಗುತ್ತದೆಯೇ? ಇಲ್ಲಿ ನನಗೆ ಹಂದಿಗೋಡು ನೆನಪಾಗುತ್ತದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಈ ಹಳ್ಳಿಯ ಹೆಸರು 1970ರ ದಶಕದ ನಡುವಿನಲ್ಲಿ ಒಂದು ಬೇನೆಯಿಂದಾಗಿ ಹೊರಗೆ ಬಂತು. ಸೊಂಟದ ಕೀಲು, ಮೊಣಕಾಲು ನೋಯುತ್ತ ನಡೆಯುವುದೇ ಕಷ್ಟವಾಗುತ್ತಿತ್ತು. ಕೆಲವರು ಬೆಳೆಯದೆ ಗಿಡ್ಡರಾಗಿ ಉಳಿದಿದ್ದರು. ಇದು ಎಫ್‌ಜಿಎಫ್‌ಆರ್-3ರ ಗಿಡ್ಡತನವಲ್ಲ, ಬೇರೆಯದೇ ಎಲುಬಿನ ರೋಗ. ಬೇನೆ ಬಿದ್ದವರು ಚನ್ನಂಗಿ ಮತ್ತು ಛಲವಾದಿ ಸಮುದಾಯದ ಬಡ ಕೂಲಿಕಾರರು. ಗದ್ದೆಗೆ ಹೊಡೆದ ಕೀಟನಾಶಕ ಗದ್ದೆಯ ಏಡಿಯನ್ನು ಸೇರಿ, ಏಡಿ ತಿಂದವರನ್ನು ಸೇರಿತೆಂದು ಮೊದಲು ಸಂಶಯಪಟ್ಟರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರೂ ಬಂದು ಪರೀಕ್ಷಿಸಿದರು. ಕೊನೆಗೆ ಕ್ಷಕಿರಣ ಚಿತ್ರಗಳನ್ನೂ ಮನೆತನಗಳ ವಂಶಾವಳಿಯನ್ನೂ ನೋಡಿದ ಸಂಶೋಧಕರು ಇದು ತಂದೆಯಿಂದಲೋ ತಾಯಿಯಿಂದಲೋ, ಒಬ್ಬರಿಂದ ಬಂದರೂ ಸಾಕಾಗುವಂಥ ಆನುವಂಶಿಕ ರೋಗವೆಂದರು. ರೋಗವಿದ್ದವರ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ.

ವಿಷ ಎಂದಾಗ ಹೊಣೆ ಹೊರುವವನೊಬ್ಬನನ್ನು ಹುಡುಕಬೇಕಾಗುತ್ತದೆ: ವಿಷ ಮಾರಿದವನು, ಹೊಡೆಸಿದವನು, ಅನುಮತಿ ಕೊಟ್ಟವನು. ವಂಶ ಎಂದ ಕೂಡಲೇ ಈ ಹುಡುಕಾಟ ನಿಲ್ಲುತ್ತದೆ. ‘ಅದು ಅವರ ರಕ್ತದಾಗೇ ಐತಿ, ಸರಕಾರ ತಾನೇ ಏನು ಮಾಡೀತು?’ ಎನ್ನುವುದು ಎಷ್ಟು ಸುಲಭ! ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅವರು ಮಕ್ಕಳನ್ನೇ ಹೆರಬಾರದು ಎಂದು ಕಟ್ಟೆಯ ಮೇಲೆ ಕೂತು ತೀರ್ಪು ಕೊಡುವವರೂ ಇದ್ದಾರೆ. ಅರ್ಧಕ್ಕರ್ಧ ಎಂಬ ಲೆಕ್ಕ ಆ ದಂಪತಿಗಳಿಗೆ ತಿಳಿದಿರಬೇಕು, ನಿಜ. ತಿಳಿದ ಮೇಲೆ ಏನು ಮಾಡಬೇಕೆಂಬುದು ಅವರ ಮನೆಯೊಳಗಿನ ಮಾತು, ಊರಿನದಲ್ಲ. ಊರಿನ ಪಾಲಿಗೆ ಬಂದದ್ದು ಬೇರೆ ಕೆಲಸ: ನಡೆಯಲಾರದವನಿಗೆ ಕೂಲಿ ಎಲ್ಲಿಂದ, ಶಾಲೆ ಎಷ್ಟು ದೂರ, ನೋವಿಗೆ ಔಷಧ ಯಾರು ಕೊಡಬೇಕು. ವಂಶವಾಹಿಯ ಹೆಸರು ಗೊತ್ತಾದರೂ ಆಗದಿದ್ದರೂ ಈ ಕೆಲಸ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಕಾಸರಗೋಡಿನ ಓದುಗರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಪಡ್ರೆ, ಎಣ್ಮಕಜೆಯ ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಅಲ್ಲಿಯ ಕನ್ನಡ ಮನೆಗಳ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಶಿಬಿರದಿಂದ ಶಿಬಿರಕ್ಕೆ ಅಲೆದರು. ಯಾವ ಮಗುವಿನದು ವಿಷ, ಯಾವುದರದು ಹುಟ್ಟು ಎಂದು ವಿಂಗಡಿಸಿ, ಕೆಲವು ಹೆಸರು ಪಟ್ಟಿಗೆ ಸೇರಿದವು, ಕೆಲವು ಸೇರಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ಐದು ಲಕ್ಷ ರೂಪಾಯಿ ಕೊಡಿ ಎಂದಿತು; ಅದಾದ ಮೇಲೂ 2019ರಲ್ಲಿ ತಾಯಂದಿರು ತಿರುವನಂತಪುರದ ಸಚಿವಾಲಯದೆದುರು ಕೂರಬೇಕಾಯಿತು. ಅಪರಾಧಿಯಿಂದ ಪರಿಹಾರ ಕೇಳುವಾಗ ಕಾರಣ ಸಿದ್ಧವಾಗಬೇಕು, ಒಪ್ಪುತ್ತೇನೆ. ಆದರೆ ಹಾಸಿಗೆ ಹಿಡಿದ ಮಗುವನ್ನು ನೋಡಿಕೊಳ್ಳುವುದಕ್ಕೂ ಕಾರಣದ ಚೀಟಿ ಬೇಕೇ? ಪಟ್ಟಿಯಿಂದ ಹೊರಗುಳಿದ ಮಗುವಿನ ಕಾಲು ಕಡಿಮೆ ನೋಯುತ್ತದೆಯೇ?

ಎಫ್‌ಜಿಎಫ್‌ಆರ್-3ರ ಬ್ರೇಕನ್ನು ಸಡಿಲಿಸುವ ಔಷಧವೂ ಈಗ ಬಂದಿದೆ. ವೊಸೊರಿಟೈಡ್ ಎಂಬ ಇದಕ್ಕೆ ಅಮೆರಿಕ, ಯುರೋಪುಗಳಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಎಲುಬು ಬೆಳೆಯುವ ವಯಸ್ಸು ಮುಗಿಯುವತನಕ ದಿನಕ್ಕೊಂದು ಚುಚ್ಚುಮದ್ದು. ವರ್ಷಕ್ಕೆ ಒಂದೂವರೆ ಸೆಂಟಿಮೀಟರಿನಷ್ಟು ಹೆಚ್ಚು ಬೆಳೆದದ್ದು ಪರೀಕ್ಷೆಯಲ್ಲಿ ಕಂಡಿದೆ. ನಾವು ಹೀಗೇ ಚೆನ್ನಾಗಿದ್ದೇವೆ, ನಮ್ಮನ್ನು ರಿಪೇರಿ ಮಾಡುವುದು ಬೇಡ ಎಂದು ಚಿಕ್ಕ ದೇಹದವರಲ್ಲೇ ಕೆಲವರು ಹೇಳಿದ್ದಾರೆ. ಆ ಸ್ವಾಭಿಮಾನ ನನಗೆ ಹಿಡಿಸುತ್ತದೆ. ಆದರೂ ಬೆನ್ನುಹುರಿ ಒತ್ತಿ ಕಾಲು ಜೋಮು ಹಿಡಿದವನ ನೋವು ಸ್ವಾಭಿಮಾನದಿಂದ ಇಳಿಯುವುದಿಲ್ಲ. ಔಷಧ ಬೇಕೆನ್ನುವವನನ್ನೂ ಹೀಯಾಳಿಸಬಾರದು. ದುಧನಿಯ ಅಡತಿಯಲ್ಲಿ ತೊಗರಿ ಚೀಲ ಹೊರುವವನ ಮಗನಿಗೆ ಅದು ಎಂದು ತಲುಪೀತು ಎಂಬುದು ಬೇರೆ ಲೆಕ್ಕ.

ಅಲ್ಲಿಯವರೆಗೆ ಅವನಿಗೆ ಸಿಗಬಹುದಾದದ್ದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ. ಅದರ 21 ವೈಕಲ್ಯಗಳಲ್ಲಿ ಗಿಡ್ಡತನವೂ ಸೇರಿದೆ. ದೊಡ್ಡವನಾದ ಮೇಲೆ ಎತ್ತರ ನಾಲ್ಕಡಿ ಹತ್ತಿಂಚು, ಎಂದರೆ 147 ಸೆಂಟಿಮೀಟರು, ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಆಯಿತು. ಅದು ಎಫ್‌ಜಿಎಫ್‌ಆರ್-3ರದೋ ಬೇರೆ ಯಾವುದರದೋ, ಅಪ್ಪನ ಕಡೆಯದೋ ಅವ್ವನ ಕಡೆಯದೋ ಎಂದು ಅಲ್ಲಿ ಕೇಳಿಲ್ಲ. ನಮ್ಮ ಬೀಗರಿಗಿಂತ ಈ ಕಾಯಿದೆಯೇ ವಾಸಿ ಎಂದು ನನಗೆ ಒಮ್ಮೊಮ್ಮೆ ಅನ್ನಿಸಿದೆ. ಆದರೆ ಕಾಯಿದೆ ಇದ್ದರೂ ನಮ್ಮ ಬ್ಯಾಂಕುಗಳ ಕೌಂಟರು ಇನ್ನೂ ಐದೂವರೆ ಅಡಿಯವನ ಅಳತೆಯದೇ. ಪಾಸ್‌ಬುಕ್ಕನ್ನು ಕೈಯೆತ್ತಿ ಮೇಲಿಟ್ಟವನ ಮುಖ ಈಚೆ ಕೂತ ಗುಮಾಸ್ತನಿಗೆ ಕಾಣುವುದೇ ಇಲ್ಲ. ಎದ್ದು ಬಗ್ಗಿ ನೋಡಬೇಕು. ಪ್ರಮಾಣಪತ್ರಕ್ಕೆ ಸೊಲ್ಲಾಪುರಕ್ಕೆ ಹೋಗಬೇಕು, ಅಲ್ಲಿ ವ್ಯವಹಾರವೆಲ್ಲ ಮರಾಠಿ. ಕನ್ನಡವಷ್ಟೇ ಬಲ್ಲ ತಾಯಿಗೆ ಜೊತೆಗೆ ಒಬ್ಬರು ಬೇಕು, ಅರ್ಜಿ ಓದಿ ಹೇಳುವುದಕ್ಕೆ, ಸಾಲಿನಲ್ಲಿ ನಿಲ್ಲುವುದಕ್ಕೆ. ತೊಟ್ಟಿಲ ಮುಂದೆ ಪ್ರಶ್ನೆ ಕೇಳಿದ ಎಷ್ಟೋ ಮಂದಿಯಲ್ಲಿ ಆ ದಿನ ರೈಲು ಹತ್ತುವವರು ಯಾರು?