ಸುರಂಗದ ಗಾಳಿ, ಬಯಲ ಗಾಳಿ

ಸಮತಟ್ಟು ದಾರಿಯಲ್ಲಿ ವೇಗವಾಗಿ ಸೈಕಲ್ ತುಳಿಯುವವರ ಶಕ್ತಿಯಲ್ಲಿ ಬಹುಪಾಲನ್ನು ಗಾಳಿಯೇ ನುಂಗುತ್ತದೆ. ಆ ತಡೆಯನ್ನು ಅಳೆಯಲು ಸವಾರರನ್ನು ಗಾಳಿಸುರಂಗದಲ್ಲಿ ಕೂರಿಸಿ ಭಾರೀ ಫ್ಯಾನು ತಿರುಗಿಸುತ್ತಾರೆ. 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಬ್ರಿಟನ್ನಿನ ಕ್ರಿಸ್ ಬೋರ್ಡ್‌ಮನ್ನರ ಸೈಕಲ್ಲು ಹದಗೊಂಡದ್ದು ಇಂಥ ಸುರಂಗದಲ್ಲೇ. ಅಲ್ಲಿ ಗಾಳಿ ಹೇಳಿದಂತೆ ಕೇಳುತ್ತದೆ. ಮೊಣಕೈ ತುಸು ಒಳಗೆಳೆದರೂ ಅಂಕಿ ಬದಲಾಗುತ್ತದೆ. ಬಯಲಿನಲ್ಲಾದರೋ ಪೆಡಲಿನ ಶಕ್ತಿ, ವೇಗ, ಏರಿಳಿತ ಬರೆದಿಟ್ಟು ಲೆಕ್ಕ ಹಾಕಬೇಕು. ಲಾರಿಯೊಂದು ಹಾದರೂ ಲೆಕ್ಕ ಕೆಡುತ್ತದೆ.

ಆದರೂ ಸುರಂಗದಲ್ಲಿ ಗೆದ್ದ ಭಂಗಿಯನ್ನು ಗಂಟೆಗಟ್ಟಲೆ ಉಳಿಸಿಕೊಳ್ಳಬಹುದೇ ಎಂದು ಹೇಳುವುದು ಬಯಲೇ.

ನಾವು ಮನುಷ್ಯರನ್ನೂ ಹೀಗೇ ಅಳೆಯುತ್ತೇವಲ್ಲವೆ, ಪರೀಕ್ಷೆಯ ಅಂಕದಿಂದ, ಹೆಣ್ಣು ನೋಡುವ ಅರ್ಧ ಗಂಟೆಯಿಂದ? ಆ ಅಳತೆ ಸುಳ್ಳೆನ್ನಲಾರೆ. ಆದರೆ ಬೇರೆಲ್ಲ ಗಾಳಿಯನ್ನು ಹೊರಗಿಟ್ಟ ಕೋಣೆಯ ಅಳತೆಯಿಂದ ಒಬ್ಬರ ಬಾಳನ್ನೇ ತೀರ್ಮಾನಿಸುವುದು ನ್ಯಾಯವಲ್ಲ.