ಜೇನಂಟು ಮಧುವೇ?

ಪ್ರೊಪೊಲಿಸ್ ಎಂದು ಔಷಧದಂಗಡಿಯಲ್ಲಿ ಸಿಗುವ ಜೇನಂಟು ಮಧುವಿನ ಲೆಕ್ಕಕ್ಕೆ ಬರುತ್ತದೆಯೇ ಎಂಬುದು ಜೈನ ಗೃಹಸ್ಥನಿಗೆ ಸಣ್ಣ ಪ್ರಶ್ನೆಯಲ್ಲ. ಸಮಂತಭದ್ರರ 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಐದು ಅಣುವ್ರತಗಳ ಜೊತೆಗೆ ಮದ್ಯ, ಮಾಂಸ, ಮಧುಗಳ ತ್ಯಾಗ ಸೇರಿ ಎಂಟು ಮೂಲಗುಣಗಳಾಗುತ್ತವೆ. ಸಹಸ್ರಫಣಿ ಪಾರ್ಶ್ವನಾಥನ ಬಸದಿ ಇರುವ ವಿಜಯಪುರದಲ್ಲೇ ಶಿವಾಲಯದ ಪಂಚಾಮೃತಕ್ಕೆ ಜೇನುತುಪ್ಪ ಬೇಕೇ ಬೇಕು. ಆದಿಲಶಾಹಿ ಮಸೀದಿಗಳ ಈ ಊರಿನಲ್ಲಿ ಪಠಿಸುವ ಕುರ್‌ಆನಿನ 16ನೆಯ ಅಧ್ಯಾಯಕ್ಕೆ ಜೇನಿನದೇ ಹೆಸರು. ಜೇನಿನ ಹೊಟ್ಟೆಯಿಂದ ಬರುವ ಪೇಯ ಜನರಿಗೆ ಗುಣಕಾರಿ ಎಂಬ ಮಾತೂ ಅಲ್ಲಿದೆ. ಆದರೆ ಮೂರೂ ಕಡೆ ಮಾತು ತುಪ್ಪದ್ದು, ಅಂಟಿನದಲ್ಲ.

ಅಂಟು ಹುಟ್ಟುವುದು ಗಿಡದಲ್ಲಿ. ಮೊಗ್ಗು, ಚಿಗುರು, ಗಾಯವಾದ ತೊಗಟೆಗಳಿಂದ ಒಸರುವ ರಾಳವನ್ನು ಕೆಲಸಗಾರ ಜೇನು ದವಡೆಯಿಂದ ಕಿತ್ತು, ಹಿಂಗಾಲಿಗೆ ಮೆತ್ತಿಕೊಂಡು ಗೂಡಿಗೆ ತರುತ್ತದೆ. ಅಲ್ಲಿ ಅದಕ್ಕೆ ಮೇಣ ಬೆರೆಯುತ್ತದೆ. ಪ್ರೊಪೊಲಿಸ್ ಎಂಬ ಗ್ರೀಕ್ ಹೆಸರಿಗೆ 'ಊರ ಮುಂದಿನದು' ಎಂದು ಅರ್ಥ; ಕೋಟೆ, ಅಗಸಿ ಕಂಡ ಊರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿರುಕು ಮುಚ್ಚುವುದು, ಬಾಗಿಲು ಕಿರಿದು ಮಾಡುವುದು ಅಂಟಿನ ಮೊದಲ ಕೆಲಸ. ತುಡುವೆ ಜೇನು ಇದನ್ನು ಹೆಚ್ಚುಕಡಿಮೆ ಮುಟ್ಟುವುದಿಲ್ಲ. ಪೊದೆಯ ಕಡ್ಡಿಗೆ ಅಂಗೈಯಗಲದ ಹುಟ್ಟು ಕಟ್ಟುವ ಕೋಲುಜೇನು ಮಾತ್ರ ಹುಟ್ಟಿನ ಆಚೆ ಈಚೆ ಕಡ್ಡಿಯ ಸುತ್ತ ಜಿಗುಟು ಪಟ್ಟಿ ಬಳಿದಿಡುತ್ತದೆ. ಸಾಲು ಹಿಡಿದು ಬಂದ ಇರುವೆ ಅಲ್ಲಿಗೆ ನಿಲ್ಲಬೇಕು. ಗೋಡೆಯ ಸಂದಿಯ ಮುಜಂಟಿ ಜೇನಿಗೆ ಇಡೀ ಗೂಡೇ ಅಂಟು-ಮೇಣದ್ದು. ತಿಕೋಟಾ, ಬಬಲೇಶ್ವರದ ಕಡೆಯ ದಾಳಿಂಬೆ ತೋಟಕ್ಕೆ ಮೆಲ್ಲಿಫೆರಾ ಜೇನಿನ ಪೆಟ್ಟಿಗೆ ತಂದಿಟ್ಟರೆ ಅದರ ಮುಚ್ಚಳವೂ ಅಂಟು ಹಿಡಿದು ಕೂರುತ್ತದೆ. ಒಳಗೆ ನುಗ್ಗಿ ಸತ್ತ ಇಲಿಯನ್ನು ಹೊರಗೆಳೆಯಲು ಆಗದಿದ್ದರೆ ಹುಳುಗಳು ಹೆಣದ ಮೇಲೆಲ್ಲ ಅಂಟು ಬಳಿಯುತ್ತವೆ. ಅದು ಕೊಳೆಯದೆ ಒಣಗುತ್ತದೆ.

ಈ ಶಕ್ತಿಯ ಗುಟ್ಟು ರಾಸಾಯನಿಕ ರಚನೆಯಲ್ಲಿದೆ. ಸಾಮಾನ್ಯವಾಗಿ ಜೇನಂಟಿನಲ್ಲಿ ರಾಳ ಶೇ. 50, ಮೇಣ ಶೇ. 30, ಸುಗಂಧ ತೈಲಗಳು ಶೇ. 10, ಪರಾಗ ಶೇ. 5ರಷ್ಟು; ಉಳಿದದ್ದು ಇತರೆ. ಈವರೆಗೆ 300ಕ್ಕೂ ಹೆಚ್ಚು ಸಂಯುಕ್ತಗಳನ್ನು ಗುರುತಿಸಲಾಗಿದೆ. ಯುರೋಪಿನ ಪಾಪ್ಲರ್ ಮರದ ಅಂಟಿನಲ್ಲಿ ಪಿನೋಸೆಂಬ್ರಿನ್, ಕ್ರೈಸಿನ್, ಗ್ಯಾಲಂಜಿನ್ ಎಂಬ ಫ್ಲೇವನಾಯ್ಡ್‌ಗಳು ಮುಖ್ಯ. ಬ್ರೆಜಿಲ್ಲಿನ ಹಸಿರು ಅಂಟಿನಲ್ಲಿ ಆರ್ಟೆಪಿಲಿನ್-ಸಿ. ಗಿಡ ಬದಲಾದರೆ ಅಂಟೂ ಬೇರೆ. ಯುರೋಪಿನ ಪಟ್ಟಿಯನ್ನು ಬೇವು, ಮಾವಿನ ಬಯಲುಸೀಮೆಗೆ ಹಾಗೇ ಒಪ್ಪಿಸುವುದು ತಪ್ಪು. ಅಂಟಿನ ಇಂಥ ಸಂಯುಕ್ತಗಳ ಫೀನಾಲಿಕ್ ಗುಂಪು ತನ್ನ ಹೈಡ್ರೋಜನ್ ಪರಮಾಣುವನ್ನು ಮುಕ್ತ ರ‍್ಯಾಡಿಕಲ್‌ಗೆ ಬಿಟ್ಟುಕೊಟ್ಟು ಅದರ ಹಾವಳಿ ನಿಲ್ಲಿಸುತ್ತದೆ. ಉತ್ಕರ್ಷಣ ನಿರೋಧ ಎಂದರೆ ಇದೇ. ಪ್ರಯೋಗಾಲಯದಲ್ಲಿ ಡಿಪಿಪಿಎಚ್ ಎಂಬ ನೇರಳೆ ದ್ರಾವಣಕ್ಕೆ ಅಂಟಿನ ಸಾರ ಬೆರೆಸಿದರೆ ಬಣ್ಣ ಹಳದಿಗೆ ತಿರುಗುವುದು ಕಣ್ಣಿಗೇ ಕಾಣುತ್ತದೆ. ಗಾಜಿನ ನಳಿಗೆಯಲ್ಲಿ ಆದದ್ದು ಮೈಯೊಳಗೂ ಅಷ್ಟೇ ಆದೀತೆಂದು ನಂಬುವುದು ಜಾಹೀರಾತಿನವರ ಧರ್ಮ.

ಇನ್ನು ಶಾಸ್ತ್ರದ ಮಾತು. ಅಮೃತಚಂದ್ರಾಚಾರ್ಯರ 'ಪುರುಷಾರ್ಥಸಿದ್ಧ್ಯುಪಾಯ'ದ ಪ್ರಕಾರ ಹುಟ್ಟಿನಿಂದ ತಾನಾಗಿ ತೊಟ್ಟಿಕ್ಕಿದ ಜೇನನ್ನು ತಿಂದರೂ ಹಿಂಸೆ ತಪ್ಪದು, ಅದನ್ನು ಆಶ್ರಯಿಸಿದ ಸೂಕ್ಷ್ಮಜೀವಿಗಳು ಸಾಯುತ್ತವೆ. ಈ ಕಾರಣವನ್ನು ಅಂಟಿಗೆ ಹಚ್ಚಿದರೆ ವಾದ ತಿರುಗಿ ನಿಲ್ಲುತ್ತದೆ: ಅಲ್ಲಿ ಬ್ಯಾಕ್ಟೀರಿಯಾ, ಬೂಸ್ಟು ಹುಟ್ಟುವುದಿರಲಿ, ಉಳಿಯುವುದೇ ಕಷ್ಟ. (ಇಂದಿನ ವಿಜ್ಞಾನ ಜೇನುತುಪ್ಪದ ಬಗೆಗೂ ಇದನ್ನೇ ಹೇಳೀತು, ಅದು ಬೇರೆ ಮಾತು.) ಆದರೆ ಜೀವಿಗಳಿಗೆ ಅಂಟು ಆಶ್ರಯವಾಗದಿರುವುದು ಅವನ್ನು ಕೊಲ್ಲುವುದರಿಂದಲೇ. ಇದರ ಮೇಲೆ ಇನ್ನೊಂದು ತೊಡಕು: ರಾಳ ನೀರಿಗೆ ಜಗ್ಗುವುದಿಲ್ಲ, ಸಾರ ತೆಗೆಯಲು ಸಾಮಾನ್ಯವಾಗಿ ಶೇ. 70ರ ಮದ್ಯಸಾರ ಬಳಸುತ್ತಾರೆ. ಮಧುವಿನ ಆರೋಪದಿಂದ ಪಾರಾದದ್ದು ಮದ್ಯದ ಆರೋಪಕ್ಕೆ ಸಿಕ್ಕಿತು. ಈ ತೊಡಕು ಮುಸಲ್ಮಾನರಿಗೂ ಇದೆ. ನೀರಿನಲ್ಲಿ ತೆಗೆದ ಸಾರಕ್ಕೆ ಈ ಆಕ್ಷೇಪವಿಲ್ಲ, ಆದರೆ ಅದಕ್ಕೆ ಇಳಿಯುವ ಫ್ಲೇವನಾಯ್ಡ್ ಕಡಿಮೆ.

ಅಹಿಂಸೆಗಿಂತ ಅಸ್ತೇಯದ ಕಡೆಯಿಂದ ನೋಡಿದರೆ ವಿಷಯ ಹೆಚ್ಚು ಸ್ಪಷ್ಟ. 'ತತ್ತ್ವಾರ್ಥಸೂತ್ರ' ಕೊಡದೇ ಇದ್ದುದನ್ನು ತೆಗೆದುಕೊಳ್ಳುವುದನ್ನೇ ಕಳವು ಎನ್ನುತ್ತದೆ. ಗೂಡಿನ ಗೋಡೆಗೆ ರಾಳ ಬಳಿದಿದ್ದರೆ ಹುಳುಗಳ ರೋಗನಿರೋಧಕ ವ್ಯವಸ್ಥೆ ಕಡಿಮೆ ದುಡಿದರೆ ಸಾಕಾಗುತ್ತದೆ ಎಂದು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ತೋರಿಸಿದರು. ತುಪ್ಪ ಜೇನಿನ ಬುತ್ತಿ. ಅಂಟು ಅದರ ಆರೋಗ್ಯ. ಚಳಿಗೆ ಗಟ್ಟಿಯಾದ ಅಂಟನ್ನು ಚೌಕಟ್ಟಿನಿಂದ ಕೆರೆದಾಗ ಒಂದು ಹುಳುವೂ ಸಾಯದಿರಬಹುದು, ಆದರೆ ಕೆರೆದಷ್ಟನ್ನೂ ಅವು ಮತ್ತೆ ತಂದು ಬಳಿಯಬೇಕು. ಜೇನಂಟು ಮಧುವಲ್ಲ, ಆದರೂ ಜೇನು ಕೊಟ್ಟದ್ದಲ್ಲ.