ದಯೆ ಮತ್ತು ದಾಖಲೆ

"ಅವಳು ಕೆಲಸದವಳಲ್ಲ, ನಮ್ಮ ಮನೆಯವಳ ಹಾಗೇ" ಎಂಬ ಮಾತನ್ನು ನಾವು ಹೆಂಗಸರು ಬಲು ಸಲೀಸಾಗಿ ಆಡುತ್ತೇವೆ. ಆಡುವಾಗ ಮನಸ್ಸಿನಲ್ಲಿ ಕಪಟವೇನೂ ಇರುವುದಿಲ್ಲ. ಹಬ್ಬಕ್ಕೆ ಸೀರೆ ಕೊಡುತ್ತೇವೆ, ಮಗಳ ಮದುವೆಗೆ ಕೈಗಡ ಕೊಡುತ್ತೇವೆ, ಜ್ವರ ಬಂದರೆ ಮಾತ್ರೆ ಕೊಡುತ್ತೇವೆ. ಆದರೆ ಮನೆಯವಳಾದವಳು ಸಂಬಳದ ಲೆಕ್ಕ ಕೇಳುವಂತಿಲ್ಲ ಎಂಬುದೂ ಆ ಮಾತಿನೊಳಗೇ ಅಡಗಿ ಕೂತಿದೆಯಲ್ಲ!

ಇದೇ ಮಾತು ಕಡಲು ದಾಟಿ ಹೋದಾಗ ಏನಾಗುತ್ತದೆ ಎಂಬ ಯೋಚನೆ ಹಚ್ಚಿದವಳು ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮಗಳು. ಗಂಡ ಹೆಂಡತಿ ಇಬ್ಬರೂ ದುಡಿಯುವವರು. ಬಾಣಂತನಕ್ಕೆ ಹೋಗಿದ್ದ ಅಕ್ಕ ವೀಸಾದ ಅವಧಿ ಮುಗಿದು ಹಿಂದಿರುಗಿದ್ದಳು. ಮಗುವನ್ನು ನೋಡಿಕೊಳ್ಳಲು ಬೇರೆ ದೇಶದಿಂದ ಬಂದ ಹೆಂಗಸೊಬ್ಬಳು ಸಿಕ್ಕಿದ್ದಳು. ಕೈ ಚೊಕ್ಕಟ, ಮಗುವಿಗೂ ಒಗ್ಗಿದ್ದಳು. ಆದರೆ ಆ ದೇಶದಲ್ಲಿ ಕೆಲಸ ಮಾಡಲು ಬೇಕಾದ ಪರವಾನಗಿ ಅವಳಿಗಿಲ್ಲವೇನೋ ಎಂಬ ಅನುಮಾನ. "ಚಿಕ್ಕಮ್ಮ, ಅವಳಿಗೂ ಹೊಟ್ಟೆಪಾಡು, ನನಗೂ ಕಷ್ಟ. ನಾನು ಅವಳನ್ನ ಚೆನ್ನಾಗಿ ನೋಡ್ಕೊಂಡ್ರೆ ಸಾಲದಾ? ಕಾಗದ ಯಾಕೆ ಕೇಳಬೇಕು?" ಎಂದಳು ಫೋನಿನಲ್ಲಿ.

ಅಲ್ಲಿಯ ಕಾನೂನಿನ ಉತ್ತರ ಸರಳ. 1986ರ ನವೆಂಬರ್ 6ರಂದು ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾಯಿದೆಯ ಪ್ರಕಾರ, ಪರವಾನಗಿ ಇಲ್ಲವೆಂದು ತಿಳಿದೂ ಒಬ್ಬರನ್ನು ಕೆಲಸಕ್ಕಿಟ್ಟುಕೊಳ್ಳುವುದು ಯಜಮಾನರ ಅಪರಾಧ. ಸೇರಿದವರು ಮೊದಲ ದಿನವೇ ಐ-ನೈನ್ ಎಂಬ ಫಾರಂನಲ್ಲಿ ತಮ್ಮ ಭಾಗ ತುಂಬಬೇಕು. ಇಟ್ಟುಕೊಂಡವರು ಕೆಲಸದ ಮೂರು ದಿನಗಳೊಳಗೆ ದಾಖಲೆ ನೋಡಿ ಸಹಿ ಹಾಕಿ ಜೋಪಾನವಾಗಿ ಇಟ್ಟುಕೊಂಡಿರಬೇಕು. ಸಾವಿರಾರು ಜನರ ಕಾರ್ಖಾನೆಗೂ ಇದೇ ನಿಯಮ, ದಿನವೂ ಬರುವ ಆಯಾಳನ್ನಿಟ್ಟುಕೊಂಡ ಮನೆಗೂ ಇದೇ. ಎಂದೋ ಒಮ್ಮೆ ಬಂದು ಹೋಗುವ ಮನೆಗೆಲಸಕ್ಕೆ ಮಾತ್ರ ವಿನಾಯಿತಿ.

ಈ ಸಣ್ಣ ಫಾರಂ ದೊಡ್ಡವರನ್ನೂ ಎಡವಿಸಿದೆ. 1993ರ ಜನವರಿಯಲ್ಲಿ ಅಧ್ಯಕ್ಷ ಕ್ಲಿಂಟನ್ ಅಟಾರ್ನಿ ಜನರಲ್ ಹುದ್ದೆಗೆ ಜೋಯಿ ಬೇರ್ಡ್ ಎಂಬ ವಕೀಲೆಯ ಹೆಸರು ಸೂಚಿಸಿದರು. ಆ ಹುದ್ದೆಗೆ ಹೆಂಗಸೊಬ್ಬಳ ಹೆಸರು ಬಂದದ್ದು ಅದೇ ಮೊದಲು. ವಲಸೆ ಇಲಾಖೆಯೂ ಆಗ ಅದೇ ಹುದ್ದೆಯ ಕೈಕೆಳಗಿತ್ತು. ಆಕೆ ತನ್ನ ಮಗುವಿಗಾಗಿ ಮತ್ತು ಕಾರು ಓಡಿಸಲು ಪರವಾನಗಿಯಿಲ್ಲದ ಪೆರು ದೇಶದ ದಂಪತಿಗಳನ್ನು ಇಟ್ಟುಕೊಂಡಿದ್ದರು. ಅವರ ಸಾಮಾಜಿಕ ಭದ್ರತೆಯ ತೆರಿಗೆಯನ್ನೂ ಸಕಾಲದಲ್ಲಿ ಕಟ್ಟಿರಲಿಲ್ಲ. ಬಾಕಿ ಕಟ್ಟಿ, ದಂಡ ತೆತ್ತರೂ ಜನರ ಸಿಟ್ಟು ಇಳಿಯಲಿಲ್ಲ. ಬೇರ್ಡ್ ಹಿಂದೆ ಸರಿದರು. ಮುಂದೆ ಕೇಳಿಬಂದ ಹೆಸರು ನ್ಯಾಯಾಧೀಶೆ ಕಿಂಬಾ ವುಡ್ ಅವರದು. ಆಕೆ ಆಯಾಳನ್ನು ಇಟ್ಟುಕೊಂಡದ್ದು 1986ರ ಕಾನೂನು ಬರುವ ಮೊದಲು, ತೆರಿಗೆಯನ್ನೂ ಕಟ್ಟಿದ್ದರು. ಆದರೂ ಗದ್ದಲಕ್ಕೆ ಹೆದರಿ ಆಕೆಯೂ ಸರಿಯಬೇಕಾಯಿತು. ಕೊನೆಗೆ ಹುದ್ದೆಗೆ ಬಂದವರು ಮದುವೆಯಾಗದ, ಮಕ್ಕಳಿಲ್ಲದ ಜಾನೆಟ್ ರೆನೋ. ಅದೇ ಸರ್ಕಾರದಲ್ಲಿ ಮಂತ್ರಿಯಾಗಿದ್ದ ರಾನ್ ಬ್ರೌನ್ ಕೂಡ ಮನೆಗೆಲಸದವಳ ತೆರಿಗೆ ಕಟ್ಟಿರಲಿಲ್ಲ. ಅವರ ಮಂತ್ರಿ ಪದವಿ ಉಳಿಯಿತು! ಮಗುವನ್ನು ಯಾರ ಕೈಗೆ ಕೊಟ್ಟೆ ಎಂಬ ಪ್ರಶ್ನೆ ತಾಯಿಗೆ ಮಾತ್ರವೇ ಹೊರತು ತಂದೆಗಲ್ಲ ಎನ್ನುವುದು ಎಲ್ಲ ದೇಶಗಳಿಗೂ ಒಂದೇ ತಾನೆ?

ಹೆಣ್ಣಿಗಾದ ಈ ಅನ್ಯಾಯದ ಬಗ್ಗೆ ಬಹಳ ಮಾತು ನಡೆಯಿತು, ನಡೆಯಬೇಕಾದ್ದೇ. ಆದರೆ ಆ ಗದ್ದಲದಲ್ಲಿ ಇನ್ನೊಬ್ಬ ಹೆಣ್ಣು ಮರೆಯಾದಳು. ಅವಳೇ ಮಗುವನ್ನು ಎತ್ತಿಕೊಂಡವಳು. 1994ರಲ್ಲಿ ಕಾಂಗ್ರೆಸ್ಸು ಕಾನೂನನ್ನು ತಿದ್ದಿತು. ಮೂರು ತಿಂಗಳಿಗೆ 50 ಡಾಲರ್ ಸಂಬಳವಾದರೆ ತೆರಿಗೆ ಎಂದಿದ್ದದ್ದು ವರ್ಷಕ್ಕೆ 1,000 ಡಾಲರ್ ಎಂದಾಯಿತು. ಯಜಮಾನಿಯರಿಗೆ ಬರೆಯುವ ಕಷ್ಟ ತಗ್ಗಿತು. ಆದರೆ ಆ ತೆರಿಗೆ ಯಾರಿಗಾಗಿ? ಸುಮಾರು ಹತ್ತು ವರ್ಷಗಳ ದುಡಿಮೆ ಹೀಗೆ ಲೆಕ್ಕಕ್ಕೆ ಸೇರಿದರೆ ಅಲ್ಲಿ ಮುಪ್ಪಿನಲ್ಲಿ ಪಿಂಚಣಿ ಬರುತ್ತದೆ. ಕೈಯಿಂದ ಕೈಗೆ ಸಂಬಳ ಪಡೆದವಳಿಗೆ ಆ ಹತ್ತು ವರ್ಷ ಶುರುವಾಗುವುದೇ ಇಲ್ಲ. ಬೇರೆಯವರ ಮಕ್ಕಳು ದೊಡ್ಡವರಾಗಿ ಕಾಲೇಜಿಗೆ ಹೋಗುತ್ತಾರೆ, ಅವಳ ಲೆಕ್ಕ ಸೊನ್ನೆಯಲ್ಲೇ ಉಳಿದಿರುತ್ತದೆ.

ಅಕ್ಕನ ಮಗಳ ಪ್ರಶ್ನೆಗೆ ನನ್ನ ಉತ್ತರ ಇಲ್ಲಿಂದ ಹುಟ್ಟಿತು. ಚೆನ್ನಾಗಿ ನೋಡಿಕೊಳ್ಳುವುದು ದಯೆ. ದಯೆ ಕೊಡುವವರ ಕೈಯಲ್ಲಿರುತ್ತದೆ, ಇಂದು ಇದ್ದದ್ದು ನಾಳೆ ಇಲ್ಲದೆಯೂ ಹೋಗಬಹುದು. ಹಕ್ಕು ಪಡೆಯುವವರ ಕೈಯಲ್ಲಿರುತ್ತದೆ. ಕಾಗದವಿಲ್ಲದವಳಿಗೂ ದುಡಿದ ದಿನಗಳಿಗೆ ಕನಿಷ್ಠ ಕೂಲಿ ಕೊಡಲೇಬೇಕೆಂದು ಅಲ್ಲಿಯ ಕಾರ್ಮಿಕ ಕಾನೂನು ಹೇಳುತ್ತದೆ, ನಿಜ. ಆದರೆ ದೂರು ಕೊಡಲು ಹೋದರೆ ತನ್ನನ್ನೇ ದೇಶದಿಂದ ಹೊರಗಟ್ಟಿಯಾರೆಂದು ಹೆದರುವವಳು ಯಾವ ಕಚೇರಿಯ ಮೆಟ್ಟಿಲು ಹತ್ತಿಯಾಳು? ಅವಳು ನಗುನಗುತ್ತಾ ದುಡಿಯುತ್ತಿದ್ದರೆ ಅದು ಸಂತೋಷವೋ ಭಯವೋ ಯಜಮಾನಿಗೂ ತಿಳಿಯುವುದಿಲ್ಲ.

"ಹಾಗಾದರೆ ಕಳಿಸಿಬಿಡಲಾ? ನನಗಿಂತ ಕಟುಕರ ಮನೆ ಸೇರಿದರೆ?" ಎಂದಳು ಹುಡುಗಿ. ಇದು ಸುಲಭದ ಪ್ರಶ್ನೆಯಲ್ಲ. ಕಾನೂನು ಇದಕ್ಕೆ ಉತ್ತರ ಕೊಡುವುದಿಲ್ಲ. ಮೊದಲು ವಲಸೆ ಕಾನೂನು ಬಲ್ಲ ವಕೀಲರನ್ನು ಕೇಳು, ಅವಳನ್ನೂ ಕೇಳಿಸು, ಕಳಿಸಲೇಬೇಕಾದರೆ ಒಂದು ದಿನದ ಸಂಬಳವನ್ನೂ ಉಳಿಸಿಕೊಳ್ಳಬೇಡ, ಕಾನೂನಿನ ಹೆಸರು ಹೇಳಿ ಅವಳನ್ನು ಹೆದರಿಸಬೇಡ ಎಂದೆ. ಆಮೇಲೆ ಅವರು ಏನು ಮಾಡಿದರೆಂಬುದು ಅವರ ಮನೆಯ ವಿಷಯ.

ಒಂದು ಮಾತು ಮಾತ್ರ ಎಲ್ಲರಿಗೂ ಸೇರಿದ್ದು. ಆ ಕಾನೂನಿನಲ್ಲಿ ನನಗೆ ಹಿಡಿಸಿದ ಅಂಶವೊಂದಿದೆ. ಪಟ್ಟಿಯಲ್ಲಿರುವ ದಾಖಲೆಗಳಲ್ಲಿ ಯಾವುದನ್ನು ತೋರಿಸಬೇಕೆಂಬ ಆಯ್ಕೆ ಕೆಲಸಕ್ಕೆ ಬಂದವರದು. ಮುಖ ನೋಡಿ, ಮಾತಿನ ಧಾಟಿ ಕೇಳಿ ಕೆಲವರಲ್ಲಿ ಮಾತ್ರ ಇನ್ನೊಂದು ಕಾಗದ ಕೇಳಬಾರದು. ಕೆಲಸ ಒಪ್ಪಿದ ಯಾರಿಗೇ ಆಗಲಿ ಒಂದೇ ಪ್ರಶ್ನೆ, ಅದೂ ಶುರುವಿನಲ್ಲೇ. ಮಗು ಹೆಗಲಿಗಂಟಿದ ಮೇಲೆ, ಅವಳು ಆ ಸಂಬಳ ನಂಬಿ ಊರಿಗೆ ಹಣ ಕಳಿಸತೊಡಗಿದ ಮೇಲೆ ಕೇಳುವುದು ಕ್ರೌರ್ಯ. ಕೇಳದೇ ಇರುವುದನ್ನು ನಾವು ಔದಾರ್ಯವೆಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ನಮ್ಮ ಅನುಕೂಲಕ್ಕೆ ನಾವೇ ತೊಡಿಸಿದ ಒಳ್ಳೆಯ ಸೀರೆಯಷ್ಟೆ.